ಬೆಟ್ಟದ್ದೋ, ಕಾಡಿನದೋ

ಬೆಟ್ಟದೂರಿನ ಪುಟ್ಟ ಆಸ್ಪತ್ರೆಯಲ್ಲಿ ಸೆನೊಬಿಯೊ ಅಂಗಿಯ ತೋಳು ಮಡಚಿ, ಮೊಣಕೈ ಕೆಳಗಿನ ಹುಣ್ಣನ್ನು ನರ್ಸ್ ನೆಲಿಡಾಳ ಮುಂದೆ ಚಾಚಿದ. "ಉತಾ ಅಷ್ಟೇ, ಸಿಸ್ಟರ್, ನಮ್ಮ ಬೆಟ್ಟದ ನೊಣದ ಹುಣ್ಣು. ನಮ್ಮೂರಲ್ಲಿ ಯಾರಿಗಾಗಿಲ್ಲ ಹೇಳಿ? ಇವಳ ಕೆನ್ನೆ ನೋಡಿ!" ಎಂದು ನಕ್ಕ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಎರ್ಮಿಂದಾ ನಗಲಿಲ್ಲ. ಅವಳ ಕೆನ್ನೆಯ ಕಲೆ ಬಾಲ್ಯದ್ದು. ಬೆಟ್ಟದ ಸಣ್ಣ ನೊಣ ಕಚ್ಚಿ ಆದ ಆ ಹುಣ್ಣು ತಾನಾಗಿಯೇ ಒಣಗಿತ್ತು.

"ಹುಣ್ಣಲ್ಲಿ ಕ್ರಿಮಿ ಇರೋದು ನಿಜ," ಎಂದಳು ನೆಲಿಡಾ. "ಯಾವ ತಳಿ ಅಂತ ಇಲ್ಲಿ ಗೊತ್ತಾಗಲ್ಲ. ಬೆಟ್ಟದ್ದಾದ್ರೆ ಚರ್ಮದಲ್ಲೇ ಇದ್ದು ಸಾಯುತ್ತೆ. ಕಾಡಿನದಾದ್ರೆ ಹುಣ್ಣು ಮಾಯ್ದ ಮೇಲೂ ಒಳಗೊಳಗೇ ಹೋಗಿ ಮೂಗು, ಗಂಟಲು ತಿನ್ನುತ್ತೆ. ಅದಕ್ಕೆ ದಿನಾ ನರಕ್ಕೆ ಇಂಜೆಕ್ಷನ್, ಈಗಲೇ ಶುರು ಮಾಡ್ಬೇಕು. ಲಿಮಾದಿಂದ ರಿಪೋರ್ಟ್ ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ನಿಜ ಹೇಳು, ಕಾಡಿಗೆ ಇಳಿದಿದ್ಯಾ?"

"ಅಯ್ಯೋ, ಇಲ್ಲಪ್ಪ! ಲಿಮಾದಲ್ಲಿ ಅಣ್ಣನ ಜೊತೆ ಗಾರೆ ಕೆಲಸ ಮಾಡ್ತಿದ್ದೆ." ಕಣ್ಣು ಮಾತ್ರ ಹೆಂಡತಿಯ ಕಡೆಗಿತ್ತು.

ಎರ್ಮಿಂದಾಳ ಅಪ್ಪ ಚಿನ್ನ ಜಾಲಿಸಲು ಕಾಡಿಗೆ ಹೋಗಿ ಬಂದವನು. ಕೊನೆಗೆ ಮೂಗಿಲ್ಲದ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಸತ್ತ. ಮದುವೆಯ ದಿನವೇ ಅವಳು ಗಂಡನಿಗೆ, "ಕಾಡಿಗೆ ಕಾಲಿಟ್ರೆ ನನ್ನ ಹೊಸ್ತಿಲು ತುಳೀಬೇಡ" ಎಂದಿದ್ದಳು. ಅವಳು ಅಂದರೆ ಅಂದಂತೆಯೇ ಎಂದು ಊರಿಗೆಲ್ಲ ಗೊತ್ತು. ಆದರೆ ಲಿಮಾದಿಂದ ಬಂದೆ ಎಂದು ಮನೆಗೆ ಮರಳಿದ ಮರುದಿನದಿಂದ ಈ ಮಹಾರಾಯ ಬೆಳಗೆದ್ದು ಬೂಟನ್ನು ತಲೆಕೆಳಗು ಮಾಡಿ ಕೊಡವಿಯೇ ಕಾಲು ತೂರಿಸುತ್ತಿದ್ದ. ಕಾಡಿನ ಚೇಳಿಗೆ ಹೆದರುವ ಆ ಅಭ್ಯಾಸ ಅವಳ ಅಪ್ಪನಿಗೂ ಇತ್ತು. ಅವಳು ನೋಡಿಯೂ ನೋಡದಂತಿದ್ದಳು. ಗೊತ್ತಾಯಿತು ಎಂದರೆ ಹೊರಗೆ ಹಾಕಬೇಕಲ್ಲ!

ಈಗ ತನ್ನೊಂದು ಮಾತಿಗೆ ಹೆದರಿ ಇವನು ಮೂಗನ್ನೇ ಕಳೆದುಕೊಳ್ಳಲು ಹೊರಟಿದ್ದಾನೆ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಹೋಗಿದ್ರು ಸಿಸ್ಟರ್," ಎಂದಳು. "ನಾನೇ ಕಳಿಸಿದ್ದೆ."

ಸೆನೊಬಿಯೊ ತಟ್ಟನೆ ಹೆಂಡತಿಯತ್ತ ತಿರುಗಿದ. ನೆಲಿಡಾ ಇಬ್ಬರನ್ನೂ ಒಮ್ಮೆ ನೋಡಿ, ಮತ್ತೇನೂ ಕೇಳದೆ ಔಷಧಿಯ ಕಪಾಟು ತೆಗೆದಳು. "ಸದ್ಯ, ಬೇಗ ಬಂದ್ರಿ. ವಾಸಿಯಾಗುತ್ತೆ," ಎಂದಳು.

ಮೊದಲ ಇಂಜೆಕ್ಷನ್ ಮುಗಿಸಿ ಹೊರಗೆ ಬಂದಾಗ ಅವನು ತಲೆ ತಗ್ಗಿಸಿ, "ಎರ್ಮಿ, ಹೊಸ್ತಿಲು...?" ಎಂದ.

ಅವಳು ಅವನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಬಲವಾಗಿ ಹಿಂಡಿದಳು.

"ಅಯ್ಯಯ್ಯೋ, ನೋಯುತ್ತೆ ಕಣೇ!"

"ನೋಯ್ಲಿ! ನಮ್ಮಪ್ಪನಿಗೆ ಹಿಂಡೋಣ ಅಂದ್ರೂ ಮೂಗಿರಲಿಲ್ಲ. ನಡಿ ಮನೆಗೆ."

ಊರೆಲ್ಲ ನೋಡಿ ನಗುತ್ತಿದ್ದರೂ, ಹೊಸ್ತಿಲು ದಾಟುವವರೆಗೂ ಅವಳು ಆ ಮೂಗನ್ನು ಬಿಡಲಿಲ್ಲ.