ಗೋಡೆಯ ಮೇಲಿನ ರೊಟ್ಟಿ

ಹೊರಗಿನಿಂದ ಚಿಲಕ ಬಿದ್ದ ಸದ್ದಾಯಿತು. ಸಂಜಾರ್ ದಡಬಡಿಸಿ ಎದ್ದು ಬಾಗಿಲು ಗುದ್ದಿದ.

"ಏನಮ್ಮಾ ಇದು? ನಾನೇನು ಕಳ್ಳನಾ?"

"ನಾಯಿ ಬಿಟ್ಟಿದೀನಿ ಅಣ್ಣಾ, ಹೊಸಬರನ್ನ ಕಂಡ್ರೆ ಹರಿದು ಹಾಕುತ್ತೆ," ಎಂದಳು ಮೊಹಿರಾ ಆಚೆಯಿಂದ. "ದಾರಿ ತೆರೆದ್ರೆ ನಾನೇ ಬಂದು ಹೇಳ್ತೀನಿ."

ಎರಡು ದಿನದಿಂದ ಇದೇ ಮಾತು. ಆ ನಾಯಿ ಮಾತ್ರ ಒಮ್ಮೆಯೂ ಬೊಗಳಿರಲಿಲ್ಲ.

ತಾಷ್ಕೆಂಟ್‌ನಿಂದ ದುಶಾಂಬೆಗೆ ಹೊರಟವನು ಅವನು. ನಡುದಾರಿಯಲ್ಲಿ ಗುಡ್ಡ ಕುಸಿಯಿತು. ಬಾಡಿಗೆ ಕಾರಿನಲ್ಲಿದ್ದ ನಾಲ್ವರನ್ನೂ ಈ ಹಳ್ಳಿಯವರು ಮನೆಗೊಬ್ಬರಂತೆ ಹಂಚಿಕೊಂಡರು. "ಊಟ ಇಲ್ದೆ ಸಾಯಿಸ್ತೀಯೇನಯ್ಯಾ" ಎಂದು ಚಾಲಕನ ಮೇಲೆ ಹಾರಾಡುತ್ತಿದ್ದವನು ಸಂಜಾರ್ ಒಬ್ಬನೇ. ಮೊಹಿರಾ ಉಳಿದವರತ್ತ ನೋಡಲೂ ಇಲ್ಲ. ನೇರ ಅವನ ಬಳಿಗೆ ಬಂದು, "ನೀವು ನಮ್ಮನೆಗೆ ಬನ್ನಿ ಅಣ್ಣಾ" ಎಂದಳು. ಅವನ ಚೀಲ ಒದ್ದೆಯಾಗಿದೆ, ಒಣಗಿಸುತ್ತೇನೆ ಎಂದು ಒಯ್ದವಳು ಇನ್ನೂ ಕೊಟ್ಟಿರಲಿಲ್ಲ. ಬಿಸ್ಕತ್ತು, ಒಣಹಣ್ಣು ಎಲ್ಲ ಅದರಲ್ಲೇ ಇದ್ದವು.

ಮನೆಯೋ, ದೇವರಿಗೇ ಪ್ರೀತಿ! ಮಣ್ಣಿನ ಗೋಡೆ, ಅಂಗೈಯಗಲದ ಕಿಟಕಿ, ಹರಿದ ಕೌದಿ. ಮೂಲೆಯಲ್ಲೊಂದು ಬಟ್ಟೆಯ ಗಂಟು. ಪಾಪ, ಇವಳ ಆಸ್ತಿಯೆಲ್ಲ ಅಷ್ಟೇ ಇರಬೇಕು ಅಂದುಕೊಂಡ. ಮೊದಲ ದಿನ ಅವಳ ಅತ್ತೆ ಖೋಸಿಯತ್ ತೆಳ್ಳನೆ ಸಾರು ಬಡಿಸಿದ್ದೇ ಕೊನೆ. ಮರುದಿನ ಮುದುಕಿ ಮೇಲಿನ ಹಳ್ಳಿಯ ಸಾವಿನ ಮನೆಗೆ ಹೋದಳು. ಆಮೇಲೆ ಬರೀ ಚಹಾ. ಹೊತ್ತುಹೊತ್ತಿಗೆ ಕೆಟಲು ತುಂಬ ಕುದಿಕುದಿ ಚಹಾ, ಜತೆಗೆ ಒಂದು ಚೂರು ರೊಟ್ಟಿಯೂ ಇಲ್ಲ.

"ಹಿಟ್ಟು ಮುಗಿದುಹೋಗಿದೆ. ತುಂಬ ಹಸಿವಾ ಅಣ್ಣಾ?" ಎಂದು ಮಾತ್ರ ಪ್ರತಿ ಸಲ ಕೇಳುತ್ತಿದ್ದಳು.

ಅವಳ ತೋಳಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಸುಣ್ಣ ಬಳಿಯುತ್ತಿದ್ದಳೇನೋ. ಇಂಥ ಬಡವರ ಮೇಲೆ ರೇಗುವುದಾದರೂ ಹೇಗೆ? ಸಂಜಾರ್ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿಕೊಂಡ.

ಮನೆಯಲ್ಲಿ ಒಂದೇ ಒಂದು ರೊಟ್ಟಿ ಇತ್ತು. ಎದುರು ಗೋಡೆಯ ಮೊಳೆಗೆ ನೇತುಹಾಕಿದ್ದು. ಅಂಚಿನಲ್ಲಿ ಹಲ್ಲಿನ ಗುರುತು.

ಅದೇನೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಅವನು ಸೈನ್ಯಕ್ಕೆ ಹೊರಟಾಗ ಅವನ ತಾಯಿಯೂ ಹೀಗೇ ಒಂದು ತುತ್ತು ಕಚ್ಚಿಸಿ ಉಳಿದದ್ದನ್ನು ನೇತುಹಾಕಿದ್ದಳು. ತಿರುಗಿ ಬಂದು ಅದನ್ನು ಅವನೇ ತಿಂದು ಮುಗಿಸಿದ್ದ. ಇದನ್ನು ಕಚ್ಚಿ ಹೋದವನು ಮುದುಕಿಯ ಮಗ, ಮೊಹಿರಾಳ ಗಂಡ ದಾವ್ಲತ್. ರಷ್ಯಕ್ಕೆ ಕೂಲಿಗೆ ಹೋಗಿ ಏಳು ವರ್ಷವಾಗಿತ್ತು.

"ಆ ರೊಟ್ಟಿ ಗೋಡೆ ಮೇಲಿರೋ ತನಕ ನನ್ನ ಮಗ ದಾರೀಲಿದಾನೆ ಅಂತ," ಎಂದಿದ್ದಳು ಮುದುಕಿ ಮೊದಲ ದಿನ. "ಅಲ್ಲೀವರೆಗೂ ಇವಳು ಈ ಮನೆ ಬಿಡೋ ಹಾಗಿಲ್ಲ, ಅದನ್ನ ಮುಟ್ಟೋ ಹಾಗೂ ಇಲ್ಲ. ಅದರ ಮೇಲೇ ಕೈಯಿಟ್ಟು ಆಣೆ ಮಾಡಿದಾಳೆ. ನೀನು ಅತಿಥಿ ಕಣಪ್ಪಾ, ಸಂಕೋಚ ಬೇಡ. ಈ ಮನೇಲಿರೋದೆಲ್ಲ ನಿಂದೇ."

"ರಷ್ಯದಲ್ಲಿ ಅವರಿಗೆ ಇಬ್ಬರು ಮಕ್ಕಳಂತೆ," ಎಂದಿದ್ದಳು ಮೊಹಿರಾ, ಅತ್ತೆ ಆಚೆ ಹೋದ ಮೇಲೆ.

ಮೂರನೆಯ ದಿನ ಮಧ್ಯಾಹ್ನ ಕಿಟಕಿಯಿಂದ ಬಿಸಿ ರೊಟ್ಟಿಯ ವಾಸನೆ ಬಂತು. ಯಾವ ಪುಣ್ಯಾತ್ಮರ ಮನೆಯದೋ! ಹಾಳು ಹೊಟ್ಟೆ ಚುರುಗುಟ್ಟಿತು. ಕೂಗಿದ, ಬಾಗಿಲು ಒದ್ದ. ಯಾರೂ ಬರಲಿಲ್ಲ. ಕೊನೆಗೆ ಅವನ ಕೈ ಮೊಳೆಯತ್ತ ಹೋಯಿತು.

ಕಲ್ಲಾಗಿದ್ದ ರೊಟ್ಟಿ ಬಿಸಿ ಚಹಾದಲ್ಲಿ ಮೆತ್ತಗಾಯಿತು. ಅಳುತ್ತಲೇ ತಿಂದ. ಮುದುಕಿಯ ಮುಖ ನೆನೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಚಿಲಕ ತೆಗೆದ ಸದ್ದಾಯಿತು. ಮೊಹಿರಾ ಬರಿದಾದ ಮೊಳೆಯನ್ನು ನೋಡುತ್ತ ನಿಂತಳು.

"ನಾನು ಪಾಪಿ ಕಣಮ್ಮಾ," ಸಂಜಾರ್ ಕೈಮುಗಿದ. "ನಿಮ್ಮತ್ತೆಗೆ ಯಾವ ಮುಖ ತೋರಿಸ್ಲಿ?"

"ಒಂದು ಚೂರೂ ಉಳಿದಿಲ್ಲ ತಾನೇ?"

ಅವನು ತಲೆಯಾಡಿಸಿದ. ಅವಳು ಗೋಡೆಗೊರಗಿ ಕುಸಿದಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದು ಆಚೆ ಹೋಗಿ ಅವನ ಚೀಲ ತಂದಿಟ್ಟಳು. ಅದರ ಮೇಲೆ ಹಬೆಯಾಡುವ ನಾಲ್ಕು ರೊಟ್ಟಿ.

"ಹೊಟ್ಟೆ ತುಂಬ ತಿನ್ನಿ ಅಣ್ಣಾ. ದಾರಿ ನಿನ್ನೆ ಬೆಳಗ್ಗೇನೇ ತೆರೀತು." ಮೂಲೆಯ ಗಂಟನ್ನು ಎತ್ತಿ ಹೆಗಲಿಗೇರಿಸಿದಳು. "ದುಶಾಂಬೇಲಿ ನನ್ನಕ್ಕ ಇದಾಳೆ, ಅಲ್ಲೀವರೆಗೂ ಜತೆಗೆ ಬರ್ತೀನಿ. ಈ ಏಳು ವರ್ಷದಲ್ಲಿ ಈ ಮನೇಲಿ ಉಳಿದ ನಾಲ್ಕನೇ ಅತಿಥಿ ನೀವು. ಮೊದಲ ಮೂವರೂ ಹಸಿವು ತಡ್ಕೊಂಡ್ಬಿಟ್ರು."