ಹನ್ನೆರಡು ಬಾಟಲಿ, ಒಂದು ನಾಲಿಗೆ

ನಾಲ್ಕನೆಯ ಗ್ಲಾಸಿಗೆ ಇಗ್ನೇಷಿಯಸ್ ಬಾಸನ್‌ಗೆ ಅನುಮಾನ ಬಂತು. ಏಳನೆಯದಕ್ಕೆ ಖಾತ್ರಿಯಾಯಿತು. ಬಾಟಲಿ ಬೇರೆ, ಚೀಟಿ ಬೇರೆ, ಒಳಗಿನ ವೈನ್ ಮಾತ್ರ ಒಂದೇ.

ದ್ರಾಕ್ಷಿತೋಟಗಳ ಊರಾದ ಪಾರ್ಲ್‌ನ ಆ ‘ಗಂಟೆಮನೆ’ ರೆಸ್ಟೋರೆಂಟಿಗೆ ಇನ್ನೂರ ಎಂಬತ್ತು ವರ್ಷ. ದಿನಕ್ಕೆ ಮೂರು ಬಸ್ಸು ಪ್ರವಾಸಿಗರು ಬಂದು, ಅಂಗಳದ ಹಳೇ ಗಂಟೆಯ ಜೊತೆ ಫೋಟೊ ಹೊಡೆಸಿಕೊಂಡು, ಕೊಚ್ಚಿದ ಮಾಂಸದ ಬೊಬೋಟಿ ತಿಂದು, ‘ಸ್ಥಾಪಕರ ನೆಲಮಾಳಿಗೆಯ ಹನ್ನೆರಡು ಕೆಂಪು ವೈನ್’ಗಳಲ್ಲಿ ಒಂದನ್ನು ಕುಡಿದು ಹೋಗುತ್ತಿದ್ದರು. ಸ್ಥಾಪಕರಿಗೆ ನೆಲಮಾಳಿಗೆಯೇ ಇರಲಿಲ್ಲ. ಪಟ್ಟಿಯಲ್ಲಿ ಮಾತ್ರ ಒಂದೊಂದು ವೈನಿಗೂ ಅರ್ಧ ಪುಟ ವರ್ಣನೆ: ಒಂದರಲ್ಲಿ ‘ಮುದಿ ಕ್ಯಾಪ್ಟನ್ನನ ತಂಬಾಕಿನ ಘಮ’, ಇನ್ನೊಂದರಲ್ಲಿ ‘ವಿಧವೆಯ ತೋಟದ ಗುಲಾಬಿ’. ಬಾಸನ್ ಹನ್ನೆರಡನ್ನೂ ಬಾಯಲ್ಲಿ ಹೊರಳಿಸಿ ಬಕೆಟ್ಟಿಗೆ ಉಗಿದ. ಕ್ಯಾಪ್ಟನ್ನನೂ ವಿಧವೆಯೂ ಒಂದೇ ಪೀಪಾಯಿಯಿಂದ ಎದ್ದು ಬಂದಿದ್ದರು.

ಹಳೆಯ ರೆಸ್ಟೋರೆಂಟುಗಳ ವೈನ್ ಪಟ್ಟಿಗೆ ಅಂಕ ಕೊಡುವುದು ಬಾಸನ್‌ನ ಕೆಲಸ. ಅವಮಾನ ಮಾಡುವುದು ಹವ್ಯಾಸ. ಅಂಕದ ಹಾಳೆಯಲ್ಲಿ ದಪ್ಪಗೆ ಸೊನ್ನೆ ಬರೆದು, ಮ್ಯಾನೇಜರ್ ಲವೀನಿಯಾ ಕಾರೊಲಸ್‌ಳನ್ನು ಕರೆದ.

“ಕತ್ತೆ ಮೈ ತೊಳೆದ ನೀರು ಇದಕ್ಕಿಂತ ಚೆನ್ನಾಗಿರುತ್ತೆ ಕಣಮ್ಮ” ಎಂದ, ಮೂರು ಮೇಜಿನಾಚೆಗೂ ಕೇಳಿಸುವಂತೆ. “ಹನ್ನೆರಡೂ ಒಂದೇ ವೈನು. ಉಳಿದಿದ್ದು ಪೇಪರಲ್ಲಿ ಓದ್ಕೊ.”

ಪೇಪರಿನವನು ಅಲ್ಲೇ ಮೂಲೆಯಲ್ಲಿ ಪುಕ್ಕಟೆ ಊಟ ಹೊಡೆಯುತ್ತಿದ್ದ.

ಲವೀನಿಯಾಳ ಮುಖ ಬಿಳಿಚಿತು. ಸೊನ್ನೆ ಬಿದ್ದರೆ ಬಸ್ಸುಗಳು ಪಕ್ಕದೂರಿಗೆ ತಿರುಗುತ್ತವೆ; ಮೂವತ್ತೊಂದು ಜನ ಬೇರೆ ಕೆಲಸ ಹುಡುಕಬೇಕು. ಅವಳು ಉಗುಳಿನ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು.

“ಒಂದೇ ಅಂತ ಕಂಡುಹಿಡಿದ್ರಲ್ಲ ಸಾಹೇಬ್ರೆ, ನಿಮ್ಮ ನಾಲಿಗೆ ದೊಡ್ಡದು. ಒಳ್ಳೇದೊಂದು ಸಿಕ್ಕ ಮೇಲೆ ಹನ್ನೆರಡು ಯಾಕೆ ಅಂದ್ಕೊಂಡ್ವಿ.”

“ಒಳ್ಳೇದಾ? ಇದಾ?”

ಅವಳು ಬಗ್ಗಿ ದನಿ ಇಳಿಸಿದಳು. “ಹೋದ ವರ್ಷ ನೀವೇ ಇದಕ್ಕೆ ಚಿನ್ನದ ಪದಕ ಕೊಟ್ರಿ.”

ಬಾಸನ್ ನಕ್ಕ. ನಗು ಅರ್ಧಕ್ಕೇ ನಿಂತಿತು. ಹೋದ ವರ್ಷದ ಸ್ಪರ್ಧೆಯಲ್ಲಿ ಹೆಸರು ಮುಚ್ಚಿದ ಬಾಟಲಿಗಳು, ಒಂದೇ ದಿನಕ್ಕೆ ನೂರ ಎಂಬತ್ತು. ನೆಗಡಿಗೆ ಮೂಗು ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಚಪ್ಪಲಿಯ ತೊಗಲಾಗಿತ್ತು. ಆಮೇಲೆ ಪಕ್ಕದವರ ಮುಖ ನೋಡಿಕೊಂಡು ಅಂಕ ಹಾಕಿದ್ದ. ಅದು ಅವನೊಬ್ಬನಿಗೇ ಗೊತ್ತು.

“ಯಾವ... ಯಾವ ತೋಟದ್ದು?”

“ಹೆಸರು ಹೇಳ್ಲಾ? ತಾಳಿ, ಪೇಪರ್ನೋರನ್ನೂ ಕರೀತೀನಿ, ಬರ್ಕೊಳ್ಲಿ. ಕತ್ತೆ ವಿಷಯಾನೂ ಸೇರಿಸಿ.”

“ಬೇಡ!”

ಜರ್ಮನ್ ಪ್ರವಾಸಿಗರು ತಿರುಗಿ ನೋಡಿದರು. ಬಾಸನ್ ಹಣೆ ಒರೆಸಿಕೊಂಡು, ಕೊನೆಯ ಗ್ಲಾಸನ್ನು ಎತ್ತಿ, ಈ ಸಲ ಉಗಿಯದೆ ನುಂಗಿದ. ಕಣ್ಣಲ್ಲಿ ನೀರು ಬಂತು.

“ಗ್ಲಾಸಲ್ಲಿ ಗಾಳಿ ಆಡಿದ ಮೇಲೆ ವೈನು ಬೇರೇನೇ ಆಗ್ಬಿಟ್ಟಿದೆ” ಎಂದು ಎಲ್ಲರಿಗೂ ಕೇಳಿಸುವಂತೆ ಸಾರಿದ. “ನಾನೇ ದುಡುಕಿದೆ. ಎಂಥಾ ಗಾಂಭೀರ್ಯ!”

ಪೇಪರಿನವನು ಒದ್ದೆ ಕಣ್ಣುಗಳ ಫೋಟೊ ತೆಗೆದ. ಸೊನ್ನೆಯ ಎಡಕ್ಕೆ ಒಂಬತ್ತು ಸೇರಿ, ನೂರಕ್ಕೆ ತೊಂಬತ್ತಾಯಿತು. ಸಹಿ ಬಿತ್ತು, ಮೊಹರು ಬಿತ್ತು. ಲವೀನಿಯಾ ಹಾಳೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅಷ್ಟು ಅಂಕ ಆ ವರ್ಷ ಯಾರಿಗೂ ಸಿಕ್ಕಿರಲಿಲ್ಲ.

ಯಾರ ಕಣ್ಣಿಗೂ ಬೀಳದೆ ಹೋಗೋಣವೆಂದು ಬಾಸನ್ ಹಿಂಬಾಗಿಲಿನಿಂದ ಕಾರಿನತ್ತ ಹೊರಟ. ಅಡುಗೆಮನೆಯ ಕಿಟಕಿಯಿಂದ ಅಡುಗೆಯ ಮುದುಕಿಯ ದನಿ ಕೇಳಿಸಿತು.

“ಹೌದೇನೇ ಲವೀನಿಯಾ, ನಮ್ಮ ಅಗ್ಗದ ಐದು ಲೀಟರ್ ಡಬ್ಬದ ವೈನಿಗೆ ಪದಕ ಕೊಟ್ಟೋನು ಯಾವನೇ?”

“ಯಾರೂ ಇಲ್ಲ ಆಂಟಿ. ಅವನ ನಾಲಿಗೆ ಸರಿಯಾಗೇ ಇತ್ತು ಪಾಪ, ಅವನೇ ನಂಬಲಿಲ್ಲ.”