ನಿವಾಳಿಸಿದ ಜಿನ್‌ಸೆಂಗ್

"ಡಬ್ಬಿ ಖಾಲಿ! ಸಿದ್ದೂ, ಇದರೊಳಗಿದ್ದ ಬೇರೆಲ್ಲೇ?"

ಚಿಕ್ಕಬಸವಯ್ಯ ಮೇಷ್ಟ್ರ ಕೂಗಿಗೆ ಅವರ ಹೆಂಡತಿ ಸಿದ್ದಲಿಂಗಮ್ಮ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದರು. ಗಂಟೆ ಹತ್ತೂವರೆ. ಹನ್ನೊಂದಕ್ಕೆ ಕುವೆಂಪುನಗರದ ಹಿರಿಯ ನಾಗರಿಕರ ಸಂಘದಲ್ಲಿ ಕೊರಿಯಾದ ಔಷಧಿಬೇರು ಜಿನ್‌ಸೆಂಗ್ ಬಗ್ಗೆ ಮೇಷ್ಟ್ರ ಉಪನ್ಯಾಸ. ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಆರು ವರ್ಷಗಳಲ್ಲಿ ಮೈಕಿನ ಮುಂದೆ ನಿಲ್ಲುವ ಭಾಗ್ಯ ಸಿಕ್ಕಿದ್ದು ಇದೇ ಮೊದಲು. ಕೊರಿಯಾಕ್ಕೆ ಹೋಗಿಬಂದ ಹಳೆಯ ಶಿಷ್ಯೆ ಸುಮಾ ನಿನ್ನೆ ಸಂಜೆ ಇಡೀ ಬೇರೊಂದನ್ನು ಕೆಂಪು ರೇಷ್ಮೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ತಂದುಕೊಟ್ಟಾಗ ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. "ನಿಜವಾದ ಜಿನ್‌ಸೆಂಗ್! ಬನ್ನಿ, ಕೈಯಾರೆ ಮುಟ್ಟಿ ನೋಡಿ" ಎಂದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಯೂ ಬಿಟ್ಟಿದ್ದರು. ಆ ಸಡಗರದಲ್ಲಿ ಹೆಂಡತಿಗೆ ಹೇಳುವುದೊಂದನ್ನು ಮರೆತಿದ್ದರು.

"ಅದು ಬೇರಾ?" ಸಿದ್ದಲಿಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಕನ್ನಡಕ ಇಡೋಣ ಅಂತ ನಿಮ್ಮ ಬ್ಯಾಗ್ ತೆಗೆದ್ರೆ, ಒಳಗಿನ ಡಬ್ಬೀಲಿ ಎರಡು ಕೈ, ಎರಡು ಕಾಲು, ಸುತ್ತ ಕೆಂಪು ಬಟ್ಟೆ! ಯಾರೋ ಮಾಟ ಮಾಡ್ಸವ್ರೆ ಅಂತ ಎದೆ ಒಡ್ದೋಯ್ತು ಕಣ್ರೀ. ಬೆಳಿಗ್ಗೆ ನೀವು ಮಲಗಿದ್ದಾಗ್ಲೇ ತಲೆ ಸುತ್ತ ಮೂರು ಸಲ ನಿವಾಳಿಸಿ, ಜೊತೆಗೊಂದು ನಿಂಬೆಹಣ್ಣು ಇಟ್ಟು, ಮೂರು ದಾರಿ ಕೂಡೋ ಕಡೆ ಹಾಕ್ಬುಟ್ಟು ಬಂದೆ. ತಿರುಗಿ ಕೂಡ ನೋಡ್ಲಿಲ್ಲ!"

"ಅಯ್ಯೋ ಪುಣ್ಯಾತ್ಗಿತ್ತಿ! ಮನುಷ್ಯನಂಥ ಬೇರು ಅಂತಲೇ ಕಣೇ ಅದರ ಹೆಸರಿನ ಅರ್ಥ! ಹಬೇಲಿ ಬೇಯಿಸಿ ಒಣಗಿಸಿದ ಕೆಂಪು ಜಿನ್‌ಸೆಂಗ್ ಅದು. ಬೇಯಿಸದೆ ಒಣಗಿಸಿದ್ರೆ ಬಿಳಿ. ಅಮೆರಿಕದ್ದು ಬೇರೆ ಜಾತಿ, ಸೈಬೀರಿಯದ್ದು ಜಿನ್‌ಸೆಂಗೇ ಅಲ್ಲ..."

"ನಂಗ್ಯಾಕ್ರೀ ಈಗ ಪಾಠ? ಅಡುಗೆಮನೇಲಿ ನಮ್ಮ ಹಿರೇಮದ್ದಿನ ಬೇರಿದೆ, ಅದನ್ನೇ ತಗೊಂಡೋಗಿ."

"ಅಶ್ವಗಂಧಾನಾ? ಅದು ಬದನೆ ಕುಟುಂಬದ್ದು ಕಣೇ! ಅದನ್ನ ಇಂಡಿಯನ್ ಜಿನ್‌ಸೆಂಗ್ ಅಂತ ಮಾರ್ತಾರಲ್ಲ, ಆ ತಪ್ಪು ತಿದ್ದೋಕೇ ಇವತ್ತಿನ ಭಾಷಣ!"

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಓಟ ಕಿತ್ತರು. ಓಡುತ್ತಲೇ ಭಾಷಣವೂ ಬಾಯಿಗೆ ಬರುತ್ತಿತ್ತು: ಆಯಾಸಕ್ಕೆ ಒಳ್ಳೆಯದೆನ್ನುತ್ತಾರೆ, ನೆನಪಿಗೆ ಒಳ್ಳೆಯದೆನ್ನುತ್ತಾರೆ, ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಹತ್ತಿರ ಸೇರಿಸಬಾರದು. ನಡುವೆ ಫೋನು. ಸಂಘದ ಕಾರ್ಯದರ್ಶಿ ನಾಗೇಂದ್ರ.

"ಸಾರ್, ಹಾಲ್ ತುಂಬೋಗಿದೆ! ಬೇರೆಲ್ಲಿ, ಬೇರೆಲ್ಲಿ ಅಂತ ಒಂದೇ ಸಮ ಕೇಳ್ತಾವ್ರೆ!"

"ಐದೇ ನಿಮಿಷ. ತಂದೇಬಿಟ್ಟೆ!"

ಬೇರು ಇತ್ತು! ಹಾಕಿದ ಜಾಗದಲ್ಲೇ, ಒಂದು ಎಳೆಯೂ ಮುರಿಯದೆ ಬಿದ್ದುಕೊಂಡಿತ್ತು. ಸ್ಕೂಟರಿನವರೆಲ್ಲ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಮೇಷ್ಟ್ರಿಗೆ ಕುಣಿಯುವಷ್ಟು ಖುಷಿಯಾಯಿತು. ಪಕ್ಕದಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು. ಅದಕ್ಕೆಲ್ಲ ಹೆದರುವ ಆಸಾಮಿಯೇ ಅವರು? ಗ್ರಹಣದ ಹೊತ್ತಿನಲ್ಲಿ ಕಾಲೇಜಿನ ಮೈದಾನದಲ್ಲಿ ಹುಡುಗರನ್ನು ಕೂರಿಸಿಕೊಂಡು ಚುರುಮುರಿ ತಿಂದವರು! ಬಗ್ಗಿ ಕೈ ಚಾಚಿದರು.

ಕೈ ಬೇರಿಗೆ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಇದು ತಮ್ಮ ತಲೆಯ ಸುತ್ತಲೇ ಮೂರು ಸಲ ಸುತ್ತಿದ್ದು. ದಿನಾ ಕಾಡುವ ಮಂಡಿನೋವು ಬೆಳಿಗ್ಗೆ ಎದ್ದಾಗಿನಿಂದ ಇಲ್ಲವಲ್ಲ ಎಂಬುದು ಆಗಲೇ ಅವರಿಗೆ ಹೊಳೆಯಬೇಕೆ!

ಫೋನು ಮತ್ತೆ ಬಡಿದುಕೊಂಡಿತು. "ಸಾರ್, ಸಿಕ್ತಾ?"

"ಸಿಕ್ತು ನಾಗೇಂದ್ರ, ಸಿಕ್ತು. ಆದ್ರೆ... ಅಲ್ಲಿ ಪರದೆ ಇದೆಯಲ್ಲ? ಅದರ ಮೇಲೆ ದೊಡ್ಡದಾಗಿ ತೋರಿಸಿದ್ರೆ ಹಿಂದಿನ ಸಾಲಿನೋರಿಗೂ ಕಾಣುತ್ತೆ."

ಫೋನಿಟ್ಟ ಮೇಷ್ಟ್ರು ಅತ್ತಿತ್ತ ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು, ನಿಂಬೆಹಣ್ಣು ಒಳಗೆ ಬರದಂತೆ ಜೋಪಾನವಾಗಿ ಫೋಟೋ ಹೊಡೆದುಕೊಂಡರು.